ಜೆ.ಸಿ. ರಸ್ತೆಯಿಂದ ಶಿವಾಜಿನಗರಕ್ಕೆ: ಮೊದಲ ಪಾಲಿಶ್ ಮೆಷಿನ್ ಹುಡುಕುತ್ತ

ಬೆಂಗಳೂರಿನ ಪುರಭವನದ ಕಡೆಯಿಂದ ಜೆ.ಸಿ. ರಸ್ತೆಗೆ ತಿರುಗಿದರೆ ಮಿನರ್ವ ವೃತ್ತ ಬರುವತನಕ ಕಾರಿನದೇ ಲೋಕ. ಸೀಟ್ ಕವರ್ ನೇತುಹಾಕಿದ ಅಂಗಡಿ, ಹಾರ್ನ್ ಜೋಡಿಸಿಟ್ಟ ಅಂಗಡಿ, ಮ್ಯಾಟು, ಮ್ಯೂಸಿಕ್ ಸಿಸ್ಟಮ್, ಹಿಂಬದಿಯ ಕ್ಯಾಮೆರಾ. ಕಾರು ಸ್ವಲ್ಪ ನಿಧಾನವಾದರೆ ಸಾಕು, ಫುಟ್‌ಪಾತಿನಿಂದ ಹುಡುಗರು ಕೈಬೀಸಿ ಕರೆಯುತ್ತಾರೆ. ಈ ಸಲ ನನ್ನ ಜೊತೆಗಿದ್ದವನು ತಂಗಿಯ ಮಗ. ಅವನದು ಕಪ್ಪು ಬಣ್ಣದ ಸೆಡಾನ್, ಕೊಂಡು ಆರನೇ ವರ್ಷ. ಅದಕ್ಕೆ ತಾನೇ ಪಾಲಿಶ್ ಹೊಡೆಯಬೇಕೆಂಬ ಹಂಬಲ ಹುಡುಗನಿಗೆ. ‘ಯಾವ ಮೆಷಿನ್ ತಗೊಳ್ಳಲಿ ಮಾವ?’ ಎಂದು ಕೇಳುತ್ತಲೇ ಇದ್ದ. ಹೊಸದಾಗಿ ಈ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಕೇಳುವುದು ಇದನ್ನೇ. ಅವನನ್ನು ಕರೆದುಕೊಂಡು ಅಂಗಡಿ, ಶೆಡ್ಡು, ಗುಜರಿ ಸುತ್ತಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಅಂಗಡಿಗೂ ಹೋಗುವ ಮುಂಚೆ ಅವನನ್ನು ಅವನ ಕಾರಿನ ಮುಂದೆ ನಿಲ್ಲಿಸಿದೆ. ಬೆಳಗಿನ ಬಿಸಿಲು ಬಾನೆಟ್ ಮೇಲೆ ಬಿದ್ದಿತ್ತು. ಸೂರ್ಯನ ಬಿಂಬ ಎಲ್ಲಿ ಕಾಣುತ್ತದೋ ಅದರ ಸುತ್ತ ಎಳೆಎಳೆಯಾಗಿ ಗೀರುಗಳು. ತಲೆ ಪಕ್ಕಕ್ಕೆ ಸರಿಸಿದರೆ ಆ ಸುತ್ತುಗಳೂ ಸರಿಯುತ್ತವೆ. ಯಾರೋ ಸುತ್ತಸುತ್ತ ಉಜ್ಜಿದ್ದಾರೆಂದು ನೋಡಿದವರಿಗೆ ಅನ್ನಿಸುತ್ತದೆ. ನಿಜವಾಗಿ ಗೀರುಗಳು ಎಲ್ಲ ದಿಕ್ಕಿಗೂ ಎದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ಕಣ್ಣಿಗೆ ವೃತ್ತದಂತೆ ಕಾಣುತ್ತವೆ. ಡೀಟೇಲಿಂಗ್‌ನವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ.

ಇದು ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲಾಗಿ ಹತ್ತಾರು ಕಾರು ಒರೆಸುವ ಪದ್ಧತಿ ಇದೆ. ಒರೆಸುವವರ ತಪ್ಪಲ್ಲ ಅದು. ನಾವು ಕೊಡುವ ಸಂಬಳ, ಕೊಡುವ ನೀರು ಅಷ್ಟೇ. ಆದರೆ ಕಾರಿನ ಮೇಲೆ ಕೂತ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ನೀರು ಸುರಿದು ಅದನ್ನು ಇಳಿಸದೆ ಬಟ್ಟೆ ಎಳೆದರೆ ಪ್ರತಿ ಎಳೆತವೂ ಒಂದು ಗೀರು. ಇದರ ಮೇಲೆ ಬೋರ್‌ವೆಲ್ ನೀರಿನ ಕಲೆ. ಆ ಗಡುಸು ನೀರಿನ ಸುಣ್ಣದಂಶ ಬಿಸಿಲಿಗೆ ಆರಿ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ, ಬಹಳ ದಿನ ಬಿಟ್ಟರೆ ಮೇಲ್ಪದರವನ್ನೇ ತಿನ್ನುತ್ತದೆ. ಒರೆಸುವ ಕ್ರಮ ಬದಲಾಗದಿದ್ದರೆ ಎಷ್ಟು ಒಳ್ಳೆಯ ಮೆಷಿನ್ ತಂದರೂ ಗೀರು ಮರಳಿ ಬರುವುದು ಖಂಡಿತ. ಇಷ್ಟನ್ನು ಹುಡುಗನಿಗೆ ಮೊದಲೇ ಹೇಳಿದೆ.

ಇನ್ನೊಂದು ಮಾತನ್ನೂ ಬಿಸಿಲಲ್ಲೇ ನಿಂತು ಹೇಳಬೇಕಿತ್ತು. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿಗೆ ಅಂಟಿದ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಜೆರಾಕ್ಸ್ ಅಂಗಡಿಯ ಒಂದು ಬಿಳಿಹಾಳೆಯ ದಪ್ಪ ಸುಮಾರು 100 ಮೈಕ್ರಾನ್ ಎಂದರೆ ಲೆಕ್ಕ ಮನಸ್ಸಿಗೆ ಬರುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40, ಹೆಚ್ಚೆಂದರೆ 50 ಮೈಕ್ರಾನ್. ಹೊಳಪು ಇರುವುದು ಅದರಲ್ಲಿ, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದೂ ಅದೇ. ಪಾಲಿಶ್ ಎಂದರೆ ಮೇಲೆ ಏನನ್ನೋ ಹಚ್ಚುವುದೆಂದು ನಮ್ಮಲ್ಲಿ ಬಹಳ ಜನರ ನಂಬಿಕೆ. ಹಾಗಲ್ಲ. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಸುತ್ತಲಿನ ಕ್ಲಿಯರನ್ನು ಅಲ್ಲಿಯವರೆಗೆ ಸವೆಸಿ ಸಮ ಮಾಡುವುದೇ ಪಾಲಿಶ್. ಒಮ್ಮೆ ಸವೆದ ಮೈಕ್ರಾನ್ ಮತ್ತೆ ಬರುವುದಿಲ್ಲ. ಮೆಷಿನ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಈ ಹಾಳೆಯ ದಪ್ಪದಿಂದಲೇ ಹುಟ್ಟಬೇಕು: ನನ್ನ ಕೈ ತಪ್ಪಿದಾಗ ಯಾವ ಮೆಷಿನ್ ಕಡಿಮೆ ಹಾನಿ ಮಾಡುತ್ತದೆ?

ಜೆ.ಸಿ. ರಸ್ತೆಯಲ್ಲಿ ಪಾಲಿಶ್ ಮೆಷಿನ್ ಎಂದು ಕೇಳಿದರೆ ಮೊದಲು ಕೈಗೆ ಬರುವುದು ಎರಡು ಹಿಡಿಯ, ಅಗಲ ತಟ್ಟೆಯ, ಹಗುರವಾದ ಒಂದು ಸಾಧನ. ಸುಮಾರು 10 ಇಂಚಿನ ತಟ್ಟೆಗೆ ಟವೆಲ್ ಬಟ್ಟೆಯ ಟೋಪಿ ಹಾಕಿರುತ್ತಾರೆ. ನೂರು ಚಿಲ್ಲರೆ ವ್ಯಾಟಿನ ಮೋಟಾರು. ಬೆಲೆಯೂ ಕಡಿಮೆ, ಡಬ್ಬಿಯ ಮೇಲೆ ಮಿರುಗುವ ಕೆಂಪು ಕಾರಿನ ಚಿತ್ರ. ಹುಡುಗ ಕೈಗೆತ್ತಿಕೊಂಡ. ವ್ಯಾಕ್ಸ್ ಹರಡಲು, ಹರಡಿದ್ದನ್ನು ಒರೆಸಲು ಇದು ಒಳ್ಳೆಯದೇ, ಕೈನೋವು ತಪ್ಪುತ್ತದೆ. ಗೀರು ತೆಗೆಯುವ ಶಕ್ತಿ ಇದಕ್ಕಿಲ್ಲ. ಸ್ವಲ್ಪ ಒತ್ತಿದರೆ ನಿಲ್ಲುತ್ತದೆ, ಬಟ್ಟೆಯ ಟೋಪಿ ಜಾರುತ್ತದೆ. ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. ‘ಶೈನಿಂಗ್‌ಗೆ ಇದು ಸಾಕು ಸರ್, ಸ್ಕ್ರ್ಯಾಚ್ ತೆಗೀಬೇಕು ಅಂದ್ರೆ ಎಸ್‌ಜೆಪಿ ರೋಡಿಗೆ ಹೋಗಿ’ ಎಂದರು. ಇಂಥ ಮಾತು ಹೇಳುವ ಅಂಗಡಿಗೆ ಮತ್ತೆ ಹೋಗಬೇಕು ಅನ್ನಿಸುತ್ತದೆ. ಒಳ್ಳೆಯ ಮೈಕ್ರೋಫೈಬರ್ ಬಟ್ಟೆ, ಕ್ಲೇ ಬಾರ್, ಮಾಸ್ಕಿಂಗ್ ಟೇಪು ಅಲ್ಲೇ ತಗೊಂಡೆವು.

ಪುರಭವನದ ಹತ್ತಿರದಿಂದ ಮಾರ್ಕೆಟ್ ಕಡೆಗೆ ಹೋಗುವ ಎಸ್‌ಜೆಪಿ ರಸ್ತೆಯ ಗದ್ದಲವೇ ಬೇರೆ. ಇಲ್ಲಿ ಸಿಗುವುದು ಹತಾರ. ಬೇರಿಂಗು, ಬೆಲ್ಟು, ಪಂಪು, ಡ್ರಿಲ್ಲು, ಗ್ರೈಂಡರು. ಕೈಗಾಡಿ ಎಳೆಯುವವರು ಜನರ ನಡುವೆಯೇ ಕಬ್ಬಿಣ ಸಾಗಿಸುತ್ತಾರೆ. ಮೆಷಿನ್ ಅಂಗಡಿಯ ಕೌಂಟರಿನ ಮೇಲೆ ಒಂದರ ಪಕ್ಕ ಒಂದು ನಾಲ್ಕು ಬಗೆಯ ಯಂತ್ರ ಇಡಿಸಿದೆ. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಜಾತಿ. ಹೊಸಬರು ದಾರಿ ತಪ್ಪುವುದು ಇಲ್ಲೇ.

ಒಂದನೆಯದು 4 ಇಂಚಿನ ಆ್ಯಂಗಲ್ ಗ್ರೈಂಡರ್. ಗ್ರಿಲ್ ಕೆಲಸದವರು ಬಳಸುವುದು. ಇದಕ್ಕೆ ಬಫ್ ಸಿಕ್ಕಿಸಿ ಕಾರು ಉಜ್ಜುವವರನ್ನು ನಾನು ಹಲವು ಊರಲ್ಲಿ ನೋಡಿದ್ದೇನೆ. ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ಸಾಮಾನ್ಯವಾಗಿ ವೇಗ ತಗ್ಗಿಸುವ ಗುಂಡಿ ಇರುವುದಿಲ್ಲ. ಕಾರಿನ ಬಣ್ಣಕ್ಕೆ ಬೇಕಾದ ಗರಿಷ್ಠ ವೇಗಕ್ಕಿಂತ ಇದು ಮೂರು ನಾಲ್ಕು ಪಟ್ಟು. ಬಫ್ ಕಿತ್ತುಕೊಂಡು ಮುಖಕ್ಕೆ ಹಾರುವ ಅಪಾಯವೂ ಇದೆ. ಮನೆಯಲ್ಲಿ ಗ್ರೈಂಡರ್ ಬಿದ್ದಿದೆ, ದುಡ್ಡು ಉಳಿಸೋಣ ಎನ್ನುವವರಿಗೆ ನನ್ನದೊಂದೇ ಉತ್ತರ: ಬೇಡ.

ಎರಡನೆಯದು ಮರಗೆಲಸದವರ ಆರ್ಬಿಟಲ್ ಸ್ಯಾಂಡರ್. ‘ಆರ್ಬಿಟಲ್ ಕೊಡಿ’ ಎಂದು ಕೇಳಿದವರ ಮುಂದೆ ಇದು ಬಂದು ಕೂರುವುದುಂಟು. ನೋಟಕ್ಕೆ ಪಾಲಿಶ್ ಮೆಷಿನ್ನಿನ ತಮ್ಮ. ಆದರೆ ಇದರ ತಟ್ಟೆ ಓಲಾಡುವುದು 2.5ರಿಂದ 5 ಮಿಲಿಮೀಟರು ಮಾತ್ರ. ಅಷ್ಟು ಸಣ್ಣ ಓಲಾಟ ಮೆತ್ತನೆಯ ಸ್ಪಂಜಿನ ಪ್ಯಾಡಿನೊಳಗೇ ಇಂಗಿಹೋಗುತ್ತದೆ, ಬಣ್ಣದ ಮೇಲೆ ಕೆಲಸ ಆಗುವುದಿಲ್ಲ. ಮರಳುಕಾಗದಕ್ಕೆ ಮಾಡಿದ್ದು, ಮರಳುಕಾಗದಕ್ಕೇ ಇರಲಿ.

ಮೂರನೆಯದು ರೋಟರಿ. ಬಾಷ್, ಮಕಿಟಾ, ಡಿವಾಲ್ಟ್ ಎಲ್ಲರದೂ ಇದೆ. ಮೋಟಾರಿನ ತಿರುಗಣಿಗೇ ಪ್ಯಾಡು ಕೂತಿರುತ್ತದೆ, ಒಂದೇ ಅಕ್ಷ, ಒಂದೇ ದಿಕ್ಕು. ನಿಮಿಷಕ್ಕೆ 600ರಿಂದ 3,000 ಸುತ್ತು. ನೀವು ಎಷ್ಟೇ ಒತ್ತಿದರೂ ತಿರುಗುತ್ತಲೇ ಇರುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ. ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಆ ಜಾಗ ಕಾದು ಕ್ಲಿಯರ್ ಮೆತ್ತಗಾಗುತ್ತದೆ. ಅಂಚಿನ ಮೇಲೆ ನಿಂತರೆ ಕ್ಲಿಯರ್ ದಾಟಿ ಬಣ್ಣ, ಬಣ್ಣ ದಾಟಿ ಪ್ರೈಮರ್ ಕಾಣುತ್ತದೆ.

ನಾಲ್ಕನೆಯದು ಡ್ಯುಯಲ್ ಆ್ಯಕ್ಷನ್. ಡಿಎ ಎಂದೇ ಎಲ್ಲರೂ ಕರೆಯುತ್ತಾರೆ. ಅಂಗಡಿಯ ಹುಡುಗನನ್ನು ಕೇಳಿ ಪ್ಯಾಡು ಬಿಚ್ಚಿಸಿದೆ. ಬ್ಯಾಕಿಂಗ್ ಪ್ಲೇಟು ಕೂತ ಬೇರಿಂಗು ಮೋಟಾರಿನ ನಡುವಿಗೆ ಸರಿಯಾಗಿಲ್ಲ, ಪಕ್ಕಕ್ಕೆ ಸರಿದಿದೆ. ಅದರ ಎದುರಿಗೆ ತೂಕ ಸಮ ಮಾಡಲು ಒಂದು ಲೋಹದ ತುಂಡು. ಮೋಟಾರು ತಿರುಗಿದಾಗ ಪ್ಲೇಟಿನ ನಡುಬಿಂದು ಒಂದು ಸಣ್ಣ ವೃತ್ತ ಸುತ್ತುತ್ತದೆ. ಪ್ಲೇಟು ಬೇರಿಂಗಿನ ಮೇಲೆ ಬಿಡುಬೀಸಾಗಿ ಇರುವುದರಿಂದ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಎರಡು ಚಲನೆ ಕೂಡಿದಾಗ ಪ್ಯಾಡಿನ ಯಾವ ಕಣವೂ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಓಡುವುದಿಲ್ಲ. ಬಿಸಿ ಒಂದೆಡೆ ಕೂಡುವುದಿಲ್ಲ, ಉಜ್ಜಿದ ಗುರುತು ಒಂದೇ ದಿಕ್ಕಿಗೆ ಬೀಳುವುದಿಲ್ಲ.

‘ಜಾಸ್ತಿ ಒತ್ತಿದರೆ ಏನಾಗತ್ತೆ ಮಾವ?’ ಎಂದ ಅಳಿಯ. ಕೌಂಟರಿನ ಮೇಲೊಂದು ದಪ್ಪ ರಬ್ಬರ್ ಹಾಳೆ ಹಾಸಿಸಿ, ಪ್ಲೇಟಿನ ಅಂಚಿಗೆ ಕಪ್ಪು ಪೆನ್ನಿಂದ ಒಂದು ಗೆರೆ ಎಳೆದು, ಪ್ಯಾಡು ಕೂರಿಸಿ ಅವನ ಕೈಗೇ ಕೊಟ್ಟೆ. ಹಗುರಾಗಿ ಇಟ್ಟಾಗ ಗೆರೆ ಸುತ್ತುತ್ತಿತ್ತು. ಮೈಭಾರ ಹಾಕಿದ ಕೂಡಲೇ ಗೆರೆ ನಿಂತಿತು. ಮೋಟಾರು ಓಡುತ್ತಿದೆ, ಪ್ಯಾಡು ನಡುಗುತ್ತಿದೆ, ಆದರೆ ತಿರುಗುತ್ತಿಲ್ಲ. ಅಂದರೆ ಕೊರೆತವೂ ಹೆಚ್ಚುಕಡಿಮೆ ನಿಂತಿದೆ. ಕಲಿಯುವವನ ಕೈ ತಪ್ಪಿದಾಗ ಈ ಯಂತ್ರ ತಾನಾಗಿ ಹಿಂದೆ ಸರಿಯುತ್ತದೆ. ಇಡೀ ದಿನದ ತಿರುಗಾಟದಲ್ಲಿ ಹುಡುಗನಿಗೆ ಕಾಣಿಸಬೇಕೆಂದು ನಾನು ಕಾದಿದ್ದದ್ದು ಈ ನಿಂತ ಗೆರೆಯನ್ನು.

ಡಿಎ ತಗೊಳ್ಳುವಾಗ ಕೇಳಬೇಕಾದ ಮೊದಲ ಅಂಕೆ ವ್ಯಾಟು ಅಲ್ಲ, ಥ್ರೋ. ಪ್ಲೇಟಿನ ನಡುಬಿಂದು ಸುತ್ತುವ ವೃತ್ತದ ಅಡ್ಡಳತೆ ಅದು. 8 ಅಥವಾ 9 ಮಿ.ಮೀ. ಇದ್ದರೆ ಹಿಡಿತ ಸುಲಭ, ಕೆಲಸ ನಿಧಾನ. 15 ಆದರೆ ಕೆಲಸ ಚುರುಕು. 21 ಆದರೆ ಇನ್ನೂ ಚುರುಕು, ಬಾನೆಟ್ಟು, ಛಾವಣಿಯಂಥ ಚಪ್ಪಟೆ ಜಾಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಬಾಗಿಲಿನ ತಿರುವು, ಬಂಪರಿನ ಉಬ್ಬುತಗ್ಗು ಬಂದಾಗ ಈ 21 ನಿಂತುಬಿಡುತ್ತದೆ. ಥ್ರೋ ಹೆಚ್ಚಿದಷ್ಟೂ ಪ್ಯಾಡು ಸಪಾಟಾಗಿ ಕೂರಬೇಕು, ವಾರೆಯಾದರೆ ತಿರುಗುವುದಿಲ್ಲ. ಈಗಿನ ಕಾರುಗಳಲ್ಲಿ ಚಪ್ಪಟೆ ಜಾಗವೇ ಕಡಿಮೆ, ಎಲ್ಲೆಲ್ಲೂ ಗೆರೆ, ಮಡಿಕೆ. ಹಾಗಾಗಿ ಮೊದಲ ಮೆಷಿನ್ನು 15 ಮಿ.ಮೀ. ಥ್ರೋ, 5 ಇಂಚಿನ ಅಂದರೆ 125 ಮಿ.ಮೀ. ಪ್ಲೇಟಿನದಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಮೆಷಿನ್ನಿನಲ್ಲಿ ಇಡೀ ಕಾರು ಮುಗಿಸಬೇಕು ಎನ್ನುವವರಿಗೆ ಇದಕ್ಕಿಂತ ಸರಿಯಾದ ಅಳತೆ ನನಗೆ ಕಂಡಿಲ್ಲ. 3 ಇಂಚಿನ ಮರಿ ಮೆಷಿನ್ನು ಕನ್ನಡಿ, ಕಂಬ, ಹ್ಯಾಂಡಲ್ ಸುತ್ತ ಬಹಳ ಉಪಕಾರಿ. ಅದು ಎರಡನೆಯ ವರ್ಷದ ಖರೀದಿ.

ದೊಡ್ಡ ಥ್ರೋ ಮೆಷಿನ್ನಿಗೆ ಹೆಸರು ತಂದವರು ಇಟಲಿಯ ಮಿಲಾನ್ ಕಡೆಯ ರೂಪೆಸ್ ಕಂಪನಿಯವರು. 1947ರಲ್ಲಿ ಶುರುವಾದ ಸಂಸ್ಥೆ. 15 ಮತ್ತು 21 ಎಂಬ ಅಳತೆಗಳು ಇಂದು ಎಲ್ಲರ ಬಾಯಲ್ಲಿ ಇರುವುದರಲ್ಲಿ ಅವರ ಬಿಗ್‌ಫುಟ್ ಸಾಲಿನ ಪಾಲು ದೊಡ್ಡದು. ಜರ್ಮನಿಯ ಫ್ಲೆಕ್ಸ್ ಕಂಪನಿಯದು ಇನ್ನೊಂದು ದಾರಿ. ಅವರ ಎಕ್ಸ್‌ಸಿ 3401ರಲ್ಲಿ ಥ್ರೋ 8 ಮಿ.ಮೀ., ಆದರೆ ಪ್ಯಾಡಿನ ತಿರುಗುವಿಕೆಗೂ ಗೇರು ಕೊಟ್ಟಿದ್ದಾರೆ, ಒತ್ತಿದರೂ ನಿಲ್ಲುವುದಿಲ್ಲ. ಪಳಗಿದ ಕೈಗೆ ಅದು ಅಮೂಲ್ಯ. ಆದರೆ ನಿಲ್ಲದ ಗುಣವನ್ನು ಹೊಸಬ ದುಡ್ಡು ಕೊಟ್ಟು ತರಬೇಕಿಲ್ಲ. ಇವೆರಡೂ ದುಬಾರಿ. ಇವುಗಳ ಮಾದರಿಯಲ್ಲೇ ಮಾಡಿದ ಕಡಿಮೆ ಬೆಲೆಯ ಡಿಎಗಳು ಈಗ ಬೇಕಾದಷ್ಟು ಬರುತ್ತಿವೆ, ತಿಂಗಳಿಗೊಂದು ಭಾನುವಾರ ಮನೆಯ ಕಾರಿಗೆ ಬಳಸುವವರಿಗೆ ಅವು ಸಾಕಾಗುತ್ತವೆ. ಬೆಲೆಯ ವ್ಯತ್ಯಾಸ ಎಲ್ಲಿಗೆ ಹೋಗಿದೆ ಎಂಬುದು ಕೈಗೆ ಗೊತ್ತಾಗುತ್ತದೆ: ನಡುಕ ಕಡಿಮೆ, ಸದ್ದು ಕಡಿಮೆ, ತಿರುವಿನಲ್ಲೂ ಪ್ಯಾಡು ನಿಲ್ಲುವುದು ಕಡಿಮೆ.

ಹಾಗಾಗಿ ಕೌಂಟರಿನಲ್ಲಿ ಮೆಷಿನ್ನನ್ನು ಓಡಿಸದೆ ದುಡ್ಡು ಕೊಡಬಾರದು. ಎರಡು ನಿಮಿಷ ಹಿಡಿದುಕೊಂಡರೆ ಬೆರಳು ಜುಮ್ಮೆನ್ನುತ್ತದೆಯೇ ನೋಡಬೇಕು. ಒಂದು ಕಾರಿಗೆ ಗಂಟೆಗಟ್ಟಲೆ ಹಿಡಿಯಬೇಕಾದ ಯಂತ್ರ ಅದು. ತೂಕ ಎರಡೂವರೆ ಕೆ.ಜಿ. ಒಳಗಿದ್ದರೆ ಬಾಗಿಲಿನ ಮೇಲೆ ಅಡ್ಡ ಹಿಡಿದಾಗ ಹೆಗಲು ತಡೆಯುತ್ತದೆ. ಸ್ವಿಚ್ಚು ಒತ್ತಿದ ಕ್ಷಣ ಹಾರದೆ ನಿಧಾನವಾಗಿ ವೇಗ ಏರುತ್ತದೆಯೇ, ಪ್ಯಾಡು ಇಟ್ಟ ಮೇಲೂ ವೇಗ ಹಿಡಿದು ನಿಲ್ಲುತ್ತದೆಯೇ, ವೇಗದ ಚಕ್ರ 1ರಿಂದ 6ರವರೆಗೆ ತಿರುಗಿಸಿದಾಗ ನಿಜಕ್ಕೂ ವ್ಯತ್ಯಾಸ ಕಾಣುತ್ತದೆಯೇ ಎಂದು ಹುಡುಗ ಒಂದೊಂದಾಗಿ ನೋಡಿದ. ನಾನು ಕೇಳಿದ್ದು ಕಾರ್ಬನ್ ಬ್ರಷ್ ಮತ್ತು ಬ್ಯಾಕಿಂಗ್ ಪ್ಲೇಟು ಬಿಡಿಯಾಗಿ ಸಿಗುತ್ತದೆಯೇ ಎಂದು. ಬ್ರಷ್ ಸವೆಯುತ್ತದೆ, ಪ್ಲೇಟಿನ ವೆಲ್ಕ್ರೋ ಬಿಸಿಗೆ ಕರಗುತ್ತದೆ. ಎರಡೂ ಸಿಗದ ಮೆಷಿನ್ನು ಎಷ್ಟೇ ಅಗ್ಗವಾದರೂ ಬೇಡ. ವೈರಿನ ಮೆಷಿನ್ನೇ ಸಾಕು. 900 ವ್ಯಾಟಿನದು 230 ವೋಲ್ಟಿನಲ್ಲಿ ಎಳೆಯುವುದು 4 ಆಂಪಿಯರ್ ಅಷ್ಟೇ, ಮನೆಯ ಸಾಧಾರಣ ಸಾಕೆಟ್ಟು ತಡೆಯುತ್ತದೆ. ವೈರು ಮಾತ್ರ ಉದ್ದ ಇರಬೇಕು, ಕೆಲಸದ ಹೊತ್ತಿಗೆ ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಬೇಕು. ಬಾನೆಟ್ ಮೇಲೆ ಎಳೆದಾಡುವ ವೈರೇ ಹೊಸ ಗೀರು ಹಾಕುತ್ತದೆ.

ಮೆಷಿನ್ನು ಕೊಳ್ಳುವ ಮುನ್ನ ಅವನನ್ನು ಕಲಾಸಿಪಾಳ್ಯದ ಕಡೆ ಇರುವ ಒಂದು ಪೇಂಟಿಂಗ್ ಶೆಡ್ಡಿಗೆ ಕರೆದೊಯ್ದೆ. ರೋಟರಿಯನ್ನು ದೂಷಿಸಿ ಕಳಿಸಿದರೆ ಆ ಕಸುಬಿಗೆ ಅನ್ಯಾಯ ಮಾಡಿದಂತೆ. ಅಲ್ಲಿಯ ಹಿರಿಯ ಪೇಂಟರು ಅಪಘಾತದ ಬಾಗಿಲೊಂದಕ್ಕೆ ಹೊಸದಾಗಿ ಬಣ್ಣ ಹೊಡೆದು, ಧೂಳು ಕೂತ ಕಡೆ 2000 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿಟ್ಟಿದ್ದರು. ಬಾಗಿಲು ಮಂಕಾಗಿ ನಿಂತಿತ್ತು. ಉಣ್ಣೆಯ ಬಫ್ ಹಾಕಿದ ರೋಟರಿ ಹಿಡಿದು, ಕಾಂಪೌಂಡ್ ಹಚ್ಚಿ ಅವರು ಕೆಲಸಕ್ಕೆ ಇಳಿದರು. ಮೆಷಿನ್ನು ಎಲ್ಲೂ ನಿಲ್ಲಲಿಲ್ಲ. ಬಫಿನ ಒಂದು ಬದಿ ಕೂದಲೆಳೆಯಷ್ಟು ಹೆಚ್ಚು ತಾಗುವಂತೆ ಹಿಡಿದು, ಅಂಚು ಹತ್ತಿರ ಬಂದಾಗ ಬಫು ಅಂಚಿನಿಂದ ಹೊರಕ್ಕೆ ತಿರುಗುವಂತೆ ನೋಡಿಕೊಂಡು, ನಡುನಡುವೆ ಎಡಗೈ ಹಿಂಬದಿಯಿಂದ ತಗಡಿನ ಬಿಸಿ ಮುಟ್ಟಿ ನೋಡುತ್ತ ಹೋದರು. ಮಂಕು ಹರಿದು ಟ್ಯೂಬ್‌ಲೈಟಿನ ಬಿಂಬ ಎದ್ದಿತು. ನೋಡುವುದೇ ಒಂದು ಸುಖ.

‘ನಂಗೂ ಕಲಿಸ್ತೀರಾ ಅಣ್ಣ?’ ಎಂದ ಅಳಿಯ. ‘ಕಲಿ ತಮ್ಮ, ಬೇಡ ಅನ್ನಲ್ಲ. ಆದ್ರೆ ನಿನ್ನ ಸ್ವಂತ ಗಾಡಿ ಮೇಲೆ ಕಲೀಬೇಡ’ ಎಂದರು ಅವರು. ಅವರು ಉಜ್ಜುವುದು ತಾವೇ ಹೊಡೆದ ಕ್ಲಿಯರನ್ನು. ಅದು ಎಷ್ಟು ದಪ್ಪವಿದೆ ಎಂದು ಅವರಿಗೆ ಗೊತ್ತು, ಹೆಚ್ಚುಕಡಿಮೆ ಆದರೆ ಮತ್ತೆ ಹೊಡೆಯುವ ಗನ್ನೂ ಪಕ್ಕದಲ್ಲೇ ಇದೆ. ನಮಗೆ ಎರಡೂ ಇಲ್ಲ. ಬಾಗಿಲನ್ನು ಬಿಸಿಲಿಗೆ ತಂದಾಗ ಕರಿಬಣ್ಣದ ಮೇಲೆ ಉದ್ದುದ್ದ ಮಬ್ಬು ಪಟ್ಟಿಗಳು ಅಲೆಅಲೆಯಾಗಿ ಕಂಡವು. ಉಣ್ಣೆ ಮತ್ತು ರೋಟರಿ ಒಂದೇ ದಿಕ್ಕಿಗೆ ಬಿಟ್ಟ ಗುರುತು, ಹಾಲೊಗ್ರಾಂ ಎನ್ನುತ್ತಾರೆ. ಪೇಂಟರಿಗೆ ಅದೂ ಗೊತ್ತಿತ್ತು, ಮೆತ್ತನೆಯ ಪ್ಯಾಡು ಹಾಕಿ ಇನ್ನೊಂದು ಸುತ್ತು ಮಾಡಬೇಕು ಎಂದರು. ಈ ಎರಡನೆಯ ಸುತ್ತನ್ನು ಬಿಟ್ಟುಬಿಡುವ ಕಡೆಗಳಲ್ಲಿ ಕೊಟ್ಟ ಕಾರು ಶೆಡ್ಡಿನೊಳಗೆ ಮಿಂಚಿ, ಬಿಸಿಲಿಗೆ ಬಂದಾಗ ಮಾಲೀಕನ ಮುಖ ಬಾಡಿಸುತ್ತದೆ.

ಶೆಡ್ಡಿನಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರಿತ್ತು. ತಗಡಿಗೆ ಒತ್ತಿದರೆ ಕೆಳಗಿನ ಲೋಹಕ್ಕೂ ತನಗೂ ನಡುವಿನ ದೂರವನ್ನು ಮೈಕ್ರಾನಿನಲ್ಲಿ ತೋರಿಸುತ್ತದೆ. ಅಳಿಯನ ಕಾರಿನ ಬಾನೆಟ್ಟು, ಛಾವಣಿ ಎಲ್ಲ ನೂರು ಚಿಲ್ಲರೆ ಬಂತು. ಎಡ ಹಿಂಬಾಗಿಲು ಮಾತ್ರ ಇನ್ನೂರು ದಾಟಿತು, ಅಂದರೆ ಯಾವಾಗಲೋ ಮರುಬಣ್ಣ ಕಂಡಿದೆ. ಅದರ ಕ್ಲಿಯರಿನ ಗಡಸುತನ ಉಳಿದ ಭಾಗಗಳಂತೆ ಇರಬೇಕೆಂದಿಲ್ಲ. ಪುಟ್ಟಿ ತುಂಬಿದ ಕಡೆ ಅಂಕೆ ಇನ್ನೂ ಎಷ್ಟೋ ಮೇಲೇರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೆ ಇದಕ್ಕಿಂತ ಸತ್ಯ ಹೇಳುವ ಯಂತ್ರವಿಲ್ಲ. ಆದರೆ ಪಾಲಿಶ್ ಮಾಡುವವರು ಇದನ್ನು ಅತಿಯಾಗಿ ನಂಬಬಾರದು. ಇದು ಹೇಳುವುದು ಒಟ್ಟು ದಪ್ಪವನ್ನು, ಅದರಲ್ಲಿ ಕ್ಲಿಯರ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಒಂದು ಸುತ್ತು ಹಗುರ ಪಾಲಿಶ್‌ನಲ್ಲಿ ಸವೆಯುವ ಒಂದೆರಡು ಮೈಕ್ರಾನು ಸಾಧಾರಣ ಮೀಟರಿನ ಅಳತೆಯ ಏರುಪೇರಿನಲ್ಲೇ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಮಾತನಾಡುವುದೇ ಇಲ್ಲ, ಬಿಸಿ ಬೇಗ ಏರುವುದೂ ಅಲ್ಲೇ.

ಮತ್ತೆ ಎಸ್‌ಜೆಪಿ ರಸ್ತೆಗೆ ಬಂದಾಗ ಅಳಿಯ ಕೇಳಿದ: ‘ಒಳ್ಳೆ ಮೆಷಿನ್ ತಗೊಂಡು ಪ್ಯಾಡು ಆಮೇಲೆ ನೋಡಿದ್ರೆ ಆಗಲ್ವಾ ಮಾವ?’ ಆಗಲ್ಲ. ಬಣ್ಣವನ್ನು ಮುಟ್ಟುವುದು ಮೆಷಿನ್ನಲ್ಲ, ಪ್ಯಾಡು ಮತ್ತು ಕಾಂಪೌಂಡು. ಇರುವ ದುಡ್ಡಿನಲ್ಲಿ ಮೆಷಿನ್ನನ್ನು ಒಂದು ಮೆಟ್ಟಿಲು ಕೆಳಗಿಟ್ಟು ಪ್ಯಾಡುಗಳನ್ನು ಧಾರಾಳವಾಗಿ ತಗೊಳ್ಳುವುದೇ ಸರಿ. ಬಿರುಸು ಸ್ಪಂಜಿನವು ಒಂದೆರಡು, ಮಧ್ಯಮದವು ನಾಲ್ಕೈದು, ಮೆತ್ತನೆಯವು ಎರಡು. ಮಧ್ಯಮದವು ಏಕೆ ಅಷ್ಟು ಎಂದರೆ, ಉಜ್ಜಿದ ಕ್ಲಿಯರಿನ ಪುಡಿ, ಹಳೆ ಕಾಂಪೌಂಡು ಸೇರಿ ಪ್ಯಾಡು ಬೇಗ ತುಂಬಿಕೊಳ್ಳುತ್ತದೆ. ತುಂಬಿದ ಪ್ಯಾಡು ಕೆಲಸ ಮಾಡುವುದಿಲ್ಲ, ಬಿಸಿ ಮಾತ್ರ ಮಾಡುತ್ತದೆ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಲು ಹೋಗುವುದು ಹೊಸಬರ ಸಾಮಾನ್ಯ ಎಡವಟ್ಟು. ಪ್ಲೇಟು 125 ಇದ್ದರೆ ಪ್ಯಾಡು 140ರಿಂದ 150 ಇರಲಿ, ಪ್ಲಾಸ್ಟಿಕ್ ಅಂಚು ಬಣ್ಣಕ್ಕೆ ತಾಗದಷ್ಟು ಹೊರಚಾಚಿರಬೇಕು.

ಕಾಂಪೌಂಡಿನಲ್ಲಿ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡಿನ ಸಣ್ಣ ಹರಳು. ಕೆಲವದರಲ್ಲಿ ಹರಳು ಉಜ್ಜುತ್ತ ಹೋದಂತೆ ಒಡೆದು ಇನ್ನೂ ಸಣ್ಣದಾಗುತ್ತದೆ, ಕೆಲವದರಲ್ಲಿ ಕೊನೆಯವರೆಗೂ ಹಾಗೇ ಇರುತ್ತದೆ. ಒಡೆಯುವ ಬಗೆಯದಾದರೆ ಪೂರ್ತಿ ಉಜ್ಜಿ ಮುಗಿಸಬೇಕು, ನಡುವೆ ಬಿಟ್ಟರೆ ಮಬ್ಬು ಉಳಿಯುತ್ತದೆ. ಡಬ್ಬಿಯ ಹಿಂದೆ ಬರೆದಿರುತ್ತಾರೆ, ಓದಬೇಕು. ಗೀರನ್ನು ಎಣ್ಣೆಯಂಥ ಪದಾರ್ಥದಿಂದ ತುಂಬಿ ಮುಚ್ಚುವ ಪಾಲಿಶ್‌ಗಳೂ ಇವೆ, ನಾಲ್ಕು ಸಲ ತೊಳೆದಾಗ ಗೀರು ಹೊರಬರುತ್ತದೆ. ಅದಕ್ಕಾಗಿ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿದ ಒಂದು ಸ್ಪ್ರೇ ಬಾಟಲಿ ಬೇಕೇ ಬೇಕು. ಉಜ್ಜಿದ ಜಾಗಕ್ಕೆ ಹೊಡೆದು ಒರೆಸಿದರೆ ಎಣ್ಣೆ ಹೋಗಿ ನಿಜ ಕಾಣುತ್ತದೆ. ಜೊತೆಗೆ ಒಂದು ಪ್ರಖರ ಎಲ್‌ಇಡಿ ಟಾರ್ಚು. ಬೇಸ್‌ಮೆಂಟಿನ ಟ್ಯೂಬ್‌ಲೈಟಿನಡಿ ಎಲ್ಲ ಕಾರೂ ಸುಂದರ. ಬೆಳಕಿಲ್ಲದೆ ಪಾಲಿಶ್ ಮಾಡುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ, ಅವನು ಬೇಕಾದ್ದಕ್ಕಿಂತ ಹೆಚ್ಚೇ ಸವೆಸುತ್ತಾನೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಮರೆಯುವಂತಿಲ್ಲ.

ಕೊನೆಯ ನಿಲ್ದಾಣ ಶಿವಾಜಿನಗರ. ಹಳೆ ಕಾರುಗಳ ಬಾಗಿಲು, ಬಂಪರು, ದೀಪ, ಇಂಜಿನ್ನಿನ ಭಾಗ ಎಲ್ಲ ಬೇರ್ಪಡಿಸಿ ಮಾರುವ ಗುಜರಿ ಅಂಗಡಿಗಳು ಇಲ್ಲಿಯ ಗಲ್ಲಿಗಳಲ್ಲಿ ಹೆಸರುವಾಸಿ. ಸಾಲಾಗಿ ಒರಗಿಸಿಟ್ಟ ಬಾಗಿಲುಗಳ ನಡುವೆ ಹುಡುಕಿ, ಕಡುಬಣ್ಣದ, ತುಕ್ಕಿಲ್ಲದ, ಕಾರ್ಖಾನೆಯ ಬಣ್ಣವೇ ಉಳಿದ ಒಂದು ಡಿಕ್ಕಿ ಮುಚ್ಚಳ ಆರಿಸಿದೆವು. ಬಿಳಿ ಬೇಡ, ಬಿಳಿಯ ಮೇಲೆ ಗೀರೂ ಕಾಣುವುದಿಲ್ಲ, ಗೀರು ಹೋದದ್ದೂ ಕಾಣುವುದಿಲ್ಲ. ‘ಎಲ್ಲಾ ಗಾಡಿಗೆ ಪಾರ್ಟ್ ಒಯ್ತಾರೆ, ನೀವು ಉಜ್ಜೋಕೆ ಒಯ್ತೀರಾ!’ ಎಂದು ಅಂಗಡಿಯ ಭಾಯ್‌ಗೆ ಅಚ್ಚರಿ. ಕಾರಣ ಹೇಳಿದಾಗ ಒಪ್ಪಿ ಬೆಲೆ ಇಳಿಸಿದರು.

ಆ ಮುಚ್ಚಳದ ಮೇಲೆ ಮಾಡಬೇಕಾದ್ದನ್ನು ಅಲ್ಲೇ ಹೇಳಿಕೊಟ್ಟೆ. ಮೊದಲು ತೊಳೆದು, ಕ್ಲೇ ಬಾರಿನಿಂದ ಅಂಟಿದ ಕೊಳೆ ತೆಗೆಯಬೇಕು. ಅಂಚು, ಉಬ್ಬುಗೆರೆಗೆ ಟೇಪು. ಅಲ್ಲಿ ಕ್ಲಿಯರ್ ಎಲ್ಲಕ್ಕಿಂತ ತೆಳು. ಒಂದೂವರೆ ಅಡಿ ಚೌಕ ಗುರುತು ಮಾಡಿ, ಮೆತ್ತನೆಯ ಪ್ಯಾಡು, ಹಗುರ ಪಾಲಿಶ್‌ನಿಂದಲೇ ಶುರು. ಪ್ಯಾಡಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಪ್ಯಾಡನ್ನು ಬಣ್ಣದ ಮೇಲಿಟ್ಟೇ ಸ್ವಿಚ್ ಒತ್ತಬೇಕು, ಬಣ್ಣದ ಮೇಲಿದ್ದಾಗಲೇ ಆರಿಸಬೇಕು, ಇಲ್ಲದಿದ್ದರೆ ಕಾಂಪೌಂಡು ಗೋಡೆಗೆಲ್ಲ ಸಿಡಿಯುತ್ತದೆ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನವಾಗಿ ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಪ್ರತಿ ಸಾಲೂ ಹಿಂದಿನದರ ಅರ್ಧ ಮುಚ್ಚುವಂತೆ. ಪ್ಲೇಟಿನ ಕಪ್ಪು ಗೆರೆ ತಿರುಗುತ್ತಿದೆಯೇ ಎಂದು ಕಣ್ಣಿರಲಿ. ಒರೆಸಿ ಟಾರ್ಚು ಹಿಡಿದು ನೋಡಿ, ಗೀರು ಹೋಗಿರದಿದ್ದರೆ ಮಾತ್ರ ಮಧ್ಯಮ ಪ್ಯಾಡಿಗೆ ಏರಬೇಕು. ಮುಚ್ಚಳದ ಒಂದು ಮೂಲೆಯಲ್ಲಿ ಬೇಕೆಂದೇ ಅಂಚು ಸವೆಯುವತನಕ ಉಜ್ಜಿ ನೋಡು ಎಂದೂ ಹೇಳಿದೆ. ಬಣ್ಣ ಕಿತ್ತುಬರುವ ಮುಂಚೆ ಬಿಸಿ ಎಷ್ಟಿರುತ್ತದೆ, ಸದ್ದು ಹೇಗೆ ಬದಲಾಗುತ್ತದೆ ಎಂದು ಕೈಗೆ ಒಮ್ಮೆ ಗೊತ್ತಾದರೆ ಅದು ಯಾವ ಪುಸ್ತಕದಲ್ಲೂ ಸಿಗದ ಪಾಠ. ಬಿಸಿಲಲ್ಲಿ ಕಾದ ತಗಡಿನ ಮೇಲೆ ಮಾತ್ರ ಏನನ್ನೂ ಮಾಡಬಾರದು, ಕಾಂಪೌಂಡು ಒಣಗಿ ಹುಡಿಯಾಗುತ್ತದೆ.

ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರಿಟ್ಟುಕೊಂಡವರು ಒಂದನ್ನು ನೆನಪಿಡಬೇಕು. ಅವಕ್ಕೆ ಕ್ಲಿಯರ್ ಕೋಟ್ ಇಲ್ಲದ ಒಂದೇ ಬಣ್ಣ ಇರಬಹುದು. ಉಜ್ಜಿದಾಗ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ. ಅದು ಕೆಟ್ಟದ್ದಲ್ಲ, ಹಳೆಯ ಒಣಗಿದ ಬಣ್ಣ ಹೋಗಿ ಹೊಸದು ಕಾಣುತ್ತದೆ. ಆದರೆ ಈಗಿನ ಎರಡು ಪದರದ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತೆಂದರೆ ಮೆಷಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು.

ಹುಡುಗ ತಗೊಂಡದ್ದು ನಡುಮಟ್ಟದ ಬೆಲೆಯ 15 ಮಿ.ಮೀ. ಡಿಎ. ವ್ಯಾಟು ಹೆಚ್ಚಿದ್ದ ಇನ್ನೊಂದನ್ನು ಅವನಾಗಿಯೇ ಬದಿಗಿಟ್ಟ, ಅದರ ಪ್ಲೇಟು ಬಿಡಿಯಾಗಿ ಸಿಗುತ್ತಿರಲಿಲ್ಲ. ಹೊರಡುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬಂದು ಪ್ರತಿ ದೊಡ್ಡ ಗೀರಿನ ಮೇಲೂ ಉಗುರು ಆಡಿಸಿ ನೋಡಲು ಹೇಳಿದೆ. ಉಗುರು ಜಾರಿಹೋದರೆ ಪಾಲಿಶ್‌ಗೆ ಬಗ್ಗಬಹುದು, ಉಗುರು ಸಿಕ್ಕಿಕೊಂಡರೆ ಬಗ್ಗುವುದಿಲ್ಲ. ಮುಂದಿನ ಬಲ ಫೆಂಡರಿನ ಮೇಲೆ ಒಂದು, ಡಿಕ್ಕಿಯ ಹತ್ತಿರ ಇನ್ನೊಂದು ಉಗುರಿಗೆ ಸಿಕ್ಕವು. ಎರಡಕ್ಕೂ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿದ. ಅವುಗಳ ಅಂಚು ಸ್ವಲ್ಪ ಮೃದುವಾದರೆ ಸಾಕು, ಪೂರ್ತಿ ತೆಗೆಯಲು ಹೋಗಬಾರದು. ಟಚಪ್ ಹಾಕಿಸಲು ಕಲಾಸಿಪಾಳ್ಯದ ಪೇಂಟರ ಹತ್ತಿರವೇ ಬರುವುದೆಂದು ಮಾತಾಯಿತು.